ನೊರೆರಾಯನ ಸಾಕ್ಷಿ

ಮಾಟಮಂತ್ರದ ಕಥೆಗಳನ್ನು ವಿರೋಧಿಸುವವರೇ ಅವುಗಳನ್ನು ಎಲ್ಲರಿಗಿಂತ ಗಟ್ಟಿಯಾಗಿ ನಂಬುವವರು ಎಂದು ನಾನು ಬಹಳ ಕಾಲ ಹೇಳಿಕೊಂಡು ತಿರುಗಿದೆ. ಕಥೆಯಲ್ಲಿ ಹಗ್ಗ ಹಾವಾದರೆ ಅವರು ಕುರ್ಚಿಯ ಮೇಲೆ ಕಾಲೆತ್ತಿ ಕೂರುತ್ತಾರೆ. ಕಥೆ ಹೇಳುವ ನಮ್ಮಂಥವರಾದರೋ ಹಾವನ್ನು ಕಥೆಯೊಳಗೇ ಬಿಟ್ಟು ಕಾಫಿ ಕುಡಿಯಲು ಎದ್ದು ಹೋಗುತ್ತೇವೆ. ಈ ಮಾತನ್ನು ನಮ್ಮ ಚರ್ಚಿನ ಸಭೆಯ ಮನೆಕೂಟಗಳಲ್ಲಿ ಪ್ರಾರ್ಥನೆ ಮುಗಿದು ಉಪ್ಪಿಟ್ಟು ಬರುವ ನಡುವಿನ ಬಿಡುವಿನಲ್ಲಿ ಎಷ್ಟೋ ಸಲ ಆಡಿ ಮೆಚ್ಚುಗೆ ಗಳಿಸಿದ್ದೇನೆ. ಮೆಚ್ಚಿದವನು ಒಬ್ಬನೇ, ಅದೂ ನಾನೇ. ಈಗ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಗಿ ಬಂದಿದೆ. ತೆಗೆದುಕೊಳ್ಳುವುದು ಹೇಗೆಂದು ತಿಳಿಯದೆ ಈ ಪ್ರಬಂಧ ಬರೆಯುತ್ತಿದ್ದೇನೆ.

ಮೊದಲೇ ಒಂದು ಎಚ್ಚರಿಕೆ ಕೊಡುತ್ತೇನೆ. ಎಚ್ಚರಿಕೆ ಕೊಡುವುದು ನನ್ನ ಹೊಟ್ಟೆಪಾಡು. ವೈಟ್‌ಫೀಲ್ಡಿನ ಒಂದು ಕಂಪನಿಯಲ್ಲಿ ಯಂತ್ರಗಳ ಕೈಪಿಡಿ ಬರೆಯುವವನು ನಾನು. "ಚಾಲನೆಯಲ್ಲಿರುವಾಗ ಮುಚ್ಚಳ ತೆರೆಯಬೇಡಿ", "ಒದ್ದೆ ಕೈಯಲ್ಲಿ ಮುಟ್ಟಬೇಡಿ" ಎಂಬಂಥ ನಿಷೇಧಾಜ್ಞೆಗಳನ್ನು ದಿನವಿಡೀ ಬರೆದು, ಮಿಕ್ಕ ಹೊತ್ತಿನಲ್ಲಿ ಸಣ್ಣ ಪತ್ರಿಕೆಗಳಿಗೆ ಕಥೆ ಬರೆಯುತ್ತೇನೆ. ಆ ಕಥೆಗಳ ಆರಂಭ ಎಲ್ಲಿದೆಯೆಂದು ಸಂಪಾದಕರು ಕೇಳುತ್ತಾರೆ; ಕೊನೆ ಎಲ್ಲಿದೆಯೆಂದು ಕೇಳುವಷ್ಟು ದೂರ ಯಾರೂ ಓದಿಲ್ಲ. ನೆನಪು ಎಂಬುದು ನಮ್ಮನ್ನು ನಾವೇ ಇಸ್ತ್ರಿ ಮಾಡಿಕೊಳ್ಳುವ ಉಪಾಯ ಎಂದು ನಂಬಿದವನು ನಾನು. ಆದ್ದರಿಂದ ಮುಂದೆ ಬರುವುದೆಲ್ಲ ಹೀಗೇ ನಡೆಯಿತೆಂದು ಪ್ರಮಾಣ ಮಾಡಲಾರೆ. ನನ್ನ ಹೆಂಡತಿ ಎಸ್ತರ್ ಇದನ್ನು ಬೇರೆ ಥರ ಹೇಳುತ್ತಾಳೆ. ಅವಳು ಹೇಳುವುದು ಚಿಕ್ಕದಾಗಿದೆ, ಚೊಕ್ಕವಾಗಿಯೂ ಇದೆ. ಅದಕ್ಕೇ ನನಗೆ ಅನುಮಾನ.

ನಾವಿರುವುದು ಕುಂದಲಹಳ್ಳಿಯಲ್ಲಿ, ಮುನಿಯಮ್ಮ ಎಂಬುವರ ಬಾಡಿಗೆಮನೆಯ ಎರಡನೇ ಅಂತಸ್ತಿನಲ್ಲಿ. ಮಗಳು ಕೃಪಾಳ ಶಾಲೆ ಬೆಳ್ಳಂದೂರಿನ ಆಚೆ. ಪ್ರತಿ ಬೆಳಿಗ್ಗೆ ಅವಳನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಹೊರಡುತ್ತೇನೆ. ಹೊರಡುತ್ತೇನೆ ಎಂಬುದು ಗೌರವದ ಮಾತು. ವಾಹನಗಳ ಆ ಸಾಲಿಗೆ ಸೇರಿ ನಿಲ್ಲುತ್ತೇವೆ ಎಂಬುದು ಸರಿ. ಹಾಗೆ ನಿಂತಲ್ಲಿ ಅವಳಿಗೆ ಕಥೆ ಬೇಕು. ಮಳೆ ಬಂದ ಮಾರನೆಯ ಬೆಳಿಗ್ಗೆ ಬೆಳ್ಳಂದೂರು ಕೆರೆಯ ಕೋಡಿಯ ಹತ್ತಿರದ ಸೇತುವೆಯ ಮೇಲೆ ಸಿಕ್ಕಿಕೊಂಡಿದ್ದೆವು. ಕೊಳಚೆ ತುಂಬಿದ ಆ ಕೆರೆಯಿಂದ ಎದ್ದ ನೊರೆ ತಂತಿ ಬೇಲಿಯನ್ನು ಹತ್ತಿ, ಬೇಲಿಯ ಮೇಲೆ ಒಂದು ಕ್ಷಣ ಕೂತು ಆ ಕಡೆ ಈ ಕಡೆ ನೋಡಿ, ಆಮೇಲೆ ರಸ್ತೆಗೆ ಇಳಿಯಿತು. ಅದಕ್ಕೆ ಅವಸರವಿರಲಿಲ್ಲ. ಮುಂದಿದ್ದ ಬಸ್ಸಿನ ಕಿಟಕಿಯೊಂದರಲ್ಲಿ ಇಣುಕಿ, ಆಟೋ ಒಂದರ ಒಳಗೆ ಹೋಗಿ ಇನ್ನೊಂದು ಬದಿಯಿಂದ ಹೊರಬಂತು. ಯಾರನ್ನೋ ಹುಡುಕುತ್ತಿರುವಂತೆ ಕಾಣುತ್ತಿತ್ತು. "ಅಪ್ಪಾ, ಅದು ಯಾರು?" ಎಂದಳು ಕೃಪಾ. ಏನು ಎನ್ನಲಿಲ್ಲ, ಯಾರು ಎಂದಳು. "ನೊರೆರಾಯ" ಎಂದೆ. ಹೆಸರು ಎಲ್ಲಿಂದ ಬಂತೋ ಗೊತ್ತಿಲ್ಲ, ಬಾಯಿಗೆ ಬಂತು.

ನೊರೆರಾಯನ ಕಸುಬು ಸರಳ. ಅವನು ನಿಮ್ಮ ಒಂದು ಆಸೆ ಈಡೇರಿಸುತ್ತಾನೆ. ಬದಲಿಗೆ ನಿಮ್ಮಿಂದ ಒಂದು ಮಾತು ತೆಗೆದುಕೊಳ್ಳುತ್ತಾನೆ, ಒಂದೇ ಒಂದು ಪದ. ಆಮೇಲೆ ಆ ಪದವನ್ನು ನೀವು ಆಡುವಂತಿಲ್ಲ. ಆಡಿದರೆ ಕೊಟ್ಟದ್ದು ವಾಪಸು ಹೋಗುತ್ತದೆ. ನನ್ನ ಕಥೆಯಲ್ಲಿ ಟೆಕ್ ಪಾರ್ಕಿನ ಕಾವಲುಗಾರನೊಬ್ಬ ಒಳ್ಳೆಯ ನಿದ್ದೆಗಾಗಿ "ಸಾರ್" ಎಂಬ ಮಾತನ್ನು ಕೊಟ್ಟು ಕೆಲಸ ಕಳೆದುಕೊಂಡ. ಮ್ಯಾನೇಜರೊಬ್ಬ "ಅರ್ಜೆಂಟ್" ಕೊಟ್ಟು ನೂರು ವರ್ಷ ಬದುಕಿದ. ಹಳ್ಳಿಯ ಯಜಮಾನನೊಬ್ಬ "ಹೊಲ" ಎಂಬ ಮಾತು ಕೊಟ್ಟು ನಾಲ್ಕಂತಸ್ತಿನ ಕಟ್ಟಡ ಪಡೆದ. ಮೊಮ್ಮಕ್ಕಳು "ತಾತಾ, ಈ ಬಿಲ್ಡಿಂಗಿಗಿಂತ ಮುಂಚೆ ಇಲ್ಲಿ ಏನಿತ್ತು?" ಎಂದು ಕೇಳಿದಾಗಲೆಲ್ಲ ಅವನು ಬೆರಳು ತೋರಿಸಿ, ಬಾಯಿ ತೆರೆದು, ಹಾಗೇ ನಿಂತುಬಿಡುತ್ತಿದ್ದ. ಈ ಕಥೆ ಹೇಳಿದ ದಿನ ಕೃಪಾ ಶಾಲೆಯ ಗೇಟಿನವರೆಗೂ ಮಾತಾಡಲಿಲ್ಲ. ಯಾವ ಕಥೆಗೂ ಕೊನೆ ಇರಲಿಲ್ಲ. ಅದನ್ನು ನಾನು ಹೊಸ ಪ್ರಯೋಗ ಎಂದುಕೊಂಡಿದ್ದೆ. ನಿಜವಾಗಿ ನೋಡಿದರೆ ಅಷ್ಟರಲ್ಲಿ ಶಾಲೆ ಬರುತ್ತಿತ್ತು.

ನಮ್ಮ ಸಭೆಯ ಹಿರಿಯರಲ್ಲೊಬ್ಬರಾದ ಸಮುವೇಲರಿಗೆ ಈ ಕಥೆಗಳ ಸುದ್ದಿ ಮುಟ್ಟಿತು. ಗದಗಿನ ಕಡೆಯವರು. ಪೀಣ್ಯದ ಕಾರ್ಖಾನೆಯೊಂದರಲ್ಲಿ ಫೋರ್‌ಮನ್ ಆಗಿದ್ದು ನಿವೃತ್ತರಾದವರು. ಪ್ರಾರ್ಥನೆಯನ್ನೂ ಪಾಳಿ ಬದಲಾಯಿಸುವ ಧಾಟಿಯಲ್ಲಿಯೇ ಮಾಡುತ್ತಾರೆ: ನಿನ್ನೆಯ ಕೆಲಸ ಎಷ್ಟಾಯಿತು, ಉಳಿದದ್ದೆಷ್ಟು, ಇಂದು ಏನು ಬೇಕು. ನಮ್ಮ ಮನೆಯ ಕೂಟದಲ್ಲಿ ಅವರು ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು ಕೇಳಿದರು: "ಹೌದೇನ್ರಿ, ಮಕ್ಕಳಿಗೆ ಮಾಟ-ಮಂತ್ರದ ಕಥಿ ಹೇಳಾಕತ್ತೀರಂತಲ್ಲ?"

ನನಗೆ ಇದಕ್ಕಿಂತ ಇಷ್ಟದ ಪ್ರಶ್ನೆ ಇರಲಿಲ್ಲ. ಮಾಯೆ ಬರಿಯ ಪಾತ್ರೆ, ನೀತಿಯೇ ಒಳಗಿನ ಅನ್ನ ಎಂದೆ. ನೊರೆರಾಯನ ಒಂದೊಂದು ಕಥೆಯಲ್ಲೂ ಆಸೆಬುರುಕರು ಬೆಲೆ ತೆರುತ್ತಾರೆ, ಮಗು ಪಾಠ ಕಲಿಯುತ್ತದೆ ಎಂದೆ. ನಮ್ಮ ಬೈಬಲಿನಲ್ಲೂ ಕೋಲು ಹಾವಾಗುತ್ತದೆ, ಕತ್ತೆ ಮಾತಾಡುತ್ತದೆ, ಅದಕ್ಕೇನನ್ನುತ್ತೀರಿ ಎಂದೆ. ಕತ್ತೆಯನ್ನು ನಾನು ಯಾವಾಗಲೂ ಕೊನೆಗೆ ಬಿಡುತ್ತೇನೆ.

ಸಮುವೇಲರು ಶಾಂತವಾಗಿ ಹೇಳಿದರು: "ಕತ್ತಿ ಮಾತಾಡ್ತು ಖರೆ. ಆದ್ರ ಯಾರು ಮಾತಾಡಿಸಿದ್ರು ಅನ್ನೂದು ಅಲ್ಲಿ ಬರದೈತಿ. ನಿಮ್ಮ ಈ ನೊರೆರಾಯ ಯಾರ ಕೈಕೆಳಗ ಕೆಲಸ ಮಾಡ್ತಾನ?"

"ಯಾರ ಕೈಕೆಳಗೂ ಇಲ್ಲ. ಸ್ವತಂತ್ರ ಉದ್ಯೋಗಿ."

"ಅದ ಹೇಳಿದ್ನಿ ನೋಡ್ರಿ. ಮ್ಯಾಲೆ ಯಾರೂ ಇಲ್ಲದಾಂವ ಮಶಿನ್ ಹತ್ರ ನಿಂತ್ರ ಕೈ ಹೋಗೂದು ಬಾಜೂ ನಿಂತಾವ್ರದು." ಇಷ್ಟು ಹೇಳಿ ಅವರು ತಟ್ಟೆ ಮತ್ತೆ ಎತ್ತಿಕೊಂಡರು. ಕೂಟದವರು ನಕ್ಕರು. ನಾನೂ ನಕ್ಕೆ. ಕೃಪಾ ಮಾತ್ರ ನಗಲಿಲ್ಲ ಎಂದು ನನಗೆ ನೆನಪು. ಅವಳು ಆ ಹೊತ್ತಿಗೆ ಕೆಳಗೆ ಆಡುತ್ತಿದ್ದಳು ಎಂದು ಎಸ್ತರ್‌ಗೆ ನೆನಪು.

ಆ ಮಳೆಗಾಲದಲ್ಲೇ ಎಸ್ತರ್‌ಳ ಎದೆಯಲ್ಲೊಂದು ಗಂಟು ಕಾಣಿಸಿಕೊಂಡಿತು. ಅದನ್ನು ವಿವರಿಸುವುದಿಲ್ಲ. ಗೊತ್ತಿರುವವರಿಗೆ ಗೊತ್ತು, ಗೊತ್ತಿಲ್ಲದವರಿಗೆ ಬೇಡ. ಸೂಜಿ ಹಾಕಿ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬರುವವರೆಗೆ ಮನೆಯಲ್ಲಿ ಎಲ್ಲರೂ ತುಂಬ ಒಳ್ಳೆಯವರಾಗಿದ್ದೆವು. ನಾನು ಪಾತ್ರೆ ತೊಳೆದೆ. ಸಮುವೇಲರು ಉಪವಾಸ ಪ್ರಾರ್ಥನೆ ಇಡಿಸಿದರು, ಸಭೆಯ ಮುದುಕಿಯರು ಊಟ ಬಿಟ್ಟು ಎಸ್ತರ್‌ಳ ಹೆಸರು ಹಿಡಿದು ಕಣ್ಣೀರಿಟ್ಟರು. ಕೃಪಾ ದಿನವೂ ಸ್ಕೂಟರಿನ ಮೇಲೆ ಸೇತುವೆ ಬಂದಾಗ ನನ್ನ ಕಡೆ ತಿರುಗದೆ ಕೆರೆಯ ಕಡೆ ನೋಡುತ್ತಿದ್ದಳು. ಅವಳಿಗೆ ಕಥೆ ಬೇಕಾಗಿರಲಿಲ್ಲ. ನನಗೂ ಹೇಳುವ ಮನಸ್ಸಿರಲಿಲ್ಲ. ಕೊನೆಗೆ ಫಲಿತಾಂಶ ಬಂತು: ಏನೂ ಇಲ್ಲ, ನಿರುಪದ್ರವಿ ಗಂಟು, ಕೆಲವು ತಿಂಗಳು ಬಿಟ್ಟು ಇನ್ನೊಮ್ಮೆ ತೋರಿಸಿದರೆ ಸಾಕು. ಎಸ್ತರ್ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತಳು. ನಾನು ಪಾರ್ಕಿಂಗಿನವನ ಜೊತೆ ಜಗಳವಾಡಿದೆ. ನಮ್ಮ ಮನೆಯಲ್ಲಿ ಸಂತೋಷ ಹೀಗೇ ಹಂಚಿಕೆಯಾಗುತ್ತದೆ.

ಅಪ್ಪ ಎಂಬ ಮಾತು ನಮ್ಮ ಮನೆಯಿಂದ ಎಂದು ಹೊರಟುಹೋಯಿತೋ ನನಗೆ ತಿಳಿಯದು. ಸದ್ದು ನಿಂತದ್ದು ತಡವಾಗಿ ಗೊತ್ತಾಗುತ್ತದೆ. ಫ್ರಿಜ್ಜು ಕೆಟ್ಟ ಮೇಲೆ ಮನೆ ಇಷ್ಟು ನಿಶ್ಶಬ್ದವಾಗಿತ್ತೇ ಎನಿಸುವ ಹಾಗೆ. ಕೃಪಾ ಬಂದು ಅಂಗಿಯ ಚುಂಗು ಎಳೆಯುತ್ತಿದ್ದಳು. "ಇಲ್ನೋಡು" ಎನ್ನುತ್ತಿದ್ದಳು. ಊಟಕ್ಕೆ ಕರೆಯಲು ಬಂದರೆ ಬಾಗಿಲಲ್ಲಿ ನಿಂತು, ನಾನು ತಲೆ ಎತ್ತುವವರೆಗೂ ಸುಮ್ಮನೆ ನೋಡುತ್ತಿದ್ದಳು. ಬೆನ್ನಿಗೆ ಯಾರದೋ ನೋಟ ತಾಗಿದಂತಾಗಿ ತಿರುಗಿದರೆ ಅಲ್ಲಿ ನನ್ನ ಮಗಳು, ತುಟಿ ಬಿಗಿಹಿಡಿದು. ಒಂದು ದಿನ ಮುನಿಯಮ್ಮ ಮೆಟ್ಟಿಲ ಹತ್ತಿರ ನನ್ನನ್ನು ತಡೆದರು.

"ಏನ್ ಸಾ, ನಿಮ್ ಮಗೀಗೆ ಏನಾಗೈತೆ? 'ನಿಮ್ಮಪ್ಪ ಬಂದ್ನಾ' ಅಂದ್ರೆ 'ಸ್ಕೂಟರ್‌ನೋರು ಬಂದ್ರು' ಅಂತೈತೆ. ಇಂಗಾ ಯೋಳ್ಕೊಡೋದು?"

"ಆಟ ಆಡ್ತಾಳಮ್ಮ."

"ಆಟ ಅಲ್ಲ ಕಣ್ ಸಾ. ಕೇಳ್ದಾಗ ಮಖ ನೋಡ್ಬೇಕು ನೀವು. ಕೆರೆ ತಾವ ಏನೋ ಸೋಕೈತೆ. ತಡೀರಿ, ಒಂದ್ ಇಡಿ ಉಪ್ಪು ಮೆಣ್ಸಿನ್ಕಾಯಿ ನಿವಾಳ್ಸಿ ಆಕ್ತೀನಿ."

ನಾವು ಕ್ರೈಸ್ತರು, ಅದೆಲ್ಲ ಮಾಡುವುದಿಲ್ಲ ಎಂದೆ. "ಉಪ್ಪಿಗೆ ಯಾವ ಜಾತಿ ಸಾ" ಎಂದು ಮುನಿಯಮ್ಮ ಮುಖ ತಿರುಗಿಸಿ ಒಳಗೆ ಹೋದರು. ಮನೆಗೆ ಬಂದು ಎಸ್ತರ್‌ಗೆ ಹೇಳಿದೆ. "ನಿಮ್ಮ ಮೇಲೆ ಏನೋ ಕೋಪ ಇರ್ಬೇಕು. ನಿಮ್ಮ ಜೊತೆ ಇರೋರಿಗೆ ಅದು ಸಹಜ" ಎಂದಳು.

ನನಗೆ ಮೊದಲು ನಿಜವಾಗಿ ಭಯವಾದದ್ದು ಒಂದು ಭಾನುವಾರ. ನಮ್ಮ ಸಭೆ ನಡೆಯುವುದು ವೈಟ್‌ಫೀಲ್ಡಿನ ಟೈಲ್ಸ್ ಅಂಗಡಿಯ ಮೇಲಿನ ಬಾಡಿಗೆ ಹಾಲಿನಲ್ಲಿ. ನಮಗಿಂತ ಮುಂಚೆ ತಮಿಳಿನವರು, ನಮ್ಮ ನಂತರ ತೆಲುಗಿನವರು. ಹಾಲಿನ ಒಂದು ಮೂಲೆಗೆ ಪರದೆ ಎಳೆದು ಮಕ್ಕಳ ಸಂಡೇ ಸ್ಕೂಲು. ಚಪ್ಪಲಿ ಹುಡುಕುತ್ತ ಪರದೆಯ ಸಂದಿನಿಂದ ನೋಡಿದೆ. ಮಕ್ಕಳೆಲ್ಲ ಕಣ್ಣುಮುಚ್ಚಿ ಕರ್ತನ ಪ್ರಾರ್ಥನೆ ಹೇಳುತ್ತಿದ್ದರು. ಕೃಪಾ ಮಾತ್ರ ಕಣ್ಣು ತೆರೆದಿದ್ದಳು. "ತಂದೆಯೇ" ಎಂಬ ಮಾತು ಬಂದಾಗ ಸಾಲಿನ ಎಲ್ಲ ಬಾಯಿಗಳೂ ಅದನ್ನು ಹೇಳಿದವು, ಅವಳ ಬಾಯಿ ಮುಚ್ಚಿಕೊಂಡಿತು. ಮರುಕ್ಷಣ ತೆರೆದು, ಏನೂ ಆಗಿಲ್ಲವೆಂಬಂತೆ ಮುಂದಿನ ಮಾತಿನಿಂದ ಜೊತೆ ಸೇರಿತು. ಲಿಫ್ಟು ಒಂದು ಅಂತಸ್ತನ್ನು ಮಾತ್ರ ಬಿಟ್ಟು ನಿಲ್ಲುವ ಹಾಗೆ. ಆ ಅಂತಸ್ತಿನಲ್ಲಿ ಏನಿದೆ? ಅದು ನನ್ನ ಮೇಲಿನ ಕೋಪವಾಗಿದ್ದರೆ ದೇವರ ಮೇಲೇಕೆ ಬರಬೇಕು? ಎರಡೂ ಕಾಲಿಗೆ ಬೇರೆ ಬೇರೆ ಚಪ್ಪಲಿ ಹಾಕಿಕೊಂಡು ಮನೆಗೆ ಬಂದೆನೆಂದು ಆಮೇಲೆ ತಿಳಿಯಿತು.

ನಮ್ಮಲ್ಲಿ ಒಂದು ಪದ್ಧತಿ ಇದೆ. ಪ್ರಾರ್ಥನೆಗೆ ಉತ್ತರ ಸಿಕ್ಕಿದವರು ಸಭೆಯ ಮುಂದೆ ನಿಂತು ಸಾಕ್ಷಿ ಹೇಳಬೇಕು: ಇಂಥ ಕಷ್ಟ ಬಂತು, ಪ್ರಾರ್ಥಿಸಿದೆವು, ದೇವರು ಇಂಥ ಉಪಕಾರ ಮಾಡಿದ. ಕೆಲಸ ಸಿಕ್ಕಿದವರು, ವೀಸಾ ಬಂದವರು, ಕಳೆದುಹೋದ ಬೈಕು ಸಿಕ್ಕಿದವರು ಎಲ್ಲರೂ ಹೇಳುತ್ತಾರೆ. ಎಸ್ತರ್‌ಳ ಸರದಿ ಬಂತು. ಅವಳು ನಾಲ್ಕು ಮಾತು ನೆಟ್ಟಗೆ ಹೇಳಿ, ಮುದುಕಿಯರನ್ನು ಅಳಿಸಿ, ಕೂತಳು. ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಸಮುವೇಲರಿಗೆ ಪ್ರೀತಿ ಉಕ್ಕಿತು. "ಕೂಸೂ ಒಂದು ಮಾತು ಹೇಳಲಿ. ಬಾರವ್ವಾ ಕೃಪಾ" ಎಂದು ಮೈಕನ್ನು ಅವಳ ಎತ್ತರಕ್ಕೆ ಬಗ್ಗಿಸಿ ಹಿಡಿದರು.

ಕೃಪಾ ಹೋಗಿ ನಿಂತಳು. ಯಾರನ್ನೂ ನೋಡಲಿಲ್ಲ. ಸ್ಪಷ್ಟವಾಗಿ, ಪಾಠ ಒಪ್ಪಿಸುವಂತೆ ಹೇಳಿದಳು: "ಸುಳ್ಳು ಸಾಕ್ಷಿ ಹೇಳ್ಬಾರ್ದು ಅಂತ ಸಂಡೇ ಸ್ಕೂಲಲ್ಲಿ ಹೇಳ್ಕೊಟ್ಟಿದಾರೆ. ಅದಕ್ಕೆ ನಾನು ಹೇಳಲ್ಲ. ಅಮ್ಮಂಗೆ ವಾಸಿ ಮಾಡಿದ್ದು ನೊರೆರಾಯ. ಕೆರೆ ಹತ್ರ ನಾನೇ ಕೇಳ್ಕೊಂಡೆ. ನಂದೊಂದು ಮಾತು ಕೊಟ್ಟಿದೀನಿ. ಅದನ್ನ ಹೇಳಿದ್ರೆ ಅಮ್ಮಂಗೆ ವಾಪಸ್ ಬರುತ್ತೆ. ಯಾರೂ ನನ್ನ ಬಾಯಲ್ಲಿ ಅದನ್ನ ಹೇಳಿಸ್ಬೇಡಿ, ಪ್ಲೀಸ್."

ಹಿಂದಿನ ಸಾಲಿನಿಂದ ಯಾರೋ ಅಭ್ಯಾಸಬಲದಿಂದ "ಆಮೆನ್" ಎಂದರು.

ಆಮೇಲೆ ಆದ ಮೌನವನ್ನು ನಾನು ಹಲವು ಸಲ ಹಲವರಿಗೆ ವರ್ಣಿಸಿದ್ದೇನೆ. ಮೆಟ್ಟಿಲ ಮೇಲೆ ಕಾಯುತ್ತಿದ್ದ ತೆಲುಗಿನವರೂ ಮಾತು ನಿಲ್ಲಿಸಿದರು ಎನ್ನುತ್ತೇನೆ. ಕಿಟಕಿಯಾಚೆ ಏನೋ ಬೆಳ್ಳಗಿನದು ನಿಧಾನವಾಗಿ ತೇಲಿಹೋಯಿತು ಎಂದೂ ಒಂದೆರಡು ಕಡೆ ಸೇರಿಸಿದ್ದೇನೆ. ಬೆಳ್ಳಂದೂರಿನ ನೊರೆ ವೈಟ್‌ಫೀಲ್ಡಿನವರೆಗೆ ಹಾರಿ ಬರಲಾರದು, ಅದು ನನಗೂ ಗೊತ್ತು. ಪ್ಲಾಸ್ಟಿಕ್ ಚೀಲವಿರಬೇಕು. ಆದರೆ ನೋಡಿದ ನೆನಪು ಮಾತ್ರ ನನಗಿದೆ, ಏನು ಮಾಡಲಿ.

ಅಂದು ಮಧ್ಯಾಹ್ನವೇ ಸಮುವೇಲರು ಮನೆಗೆ ಬಂದರು. ಬಯ್ಯುತ್ತಾರೆಂದುಕೊಂಡಿದ್ದೆ, ಬಯ್ಯಲಿಲ್ಲ. ಅವರ ಮುಖ ಸಣ್ಣದಾಗಿತ್ತು. "ತಪ್ಪು ನಂದೂ ಐತ್ರಿ. ಕೂಸಿನ ಕೈಯಾಗ ಮೈಕ್ ಕೊಡಬಾರದಿತ್ತು" ಎಂದು ಕುರ್ಚಿಯ ಅಂಚಿನಲ್ಲಿ ಕೂತರು. ಎಸ್ತರ್ ಎಲ್ಲರಿಗೂ ಉಪ್ಪಿಟ್ಟು ತಂದಿಟ್ಟಳು. ನಮ್ಮಲ್ಲಿ ಎಂಥ ವಿಪತ್ತಿಗೂ ಅದಿಲ್ಲದೆ ಆಗದು. ಕೃಪಾ ಅಮ್ಮನಿಗೆ ಆತುಕೊಂಡು ಕೂತಳು.

"ಅಂವ ಇಲ್ಲಂತ ಹೇಳ್ರಿ ಮಗಳಿಗೆ" ಎಂದರು ಸಮುವೇಲರು ನನಗೆ. "ನಾ ಹೇಳಿದ್ರ ಆಗೂದಿಲ್ಲ. ಹುಟ್ಟಿಸಿದಾವ್ರು ನೀವು."

ನಾನು ಮಗಳ ಮುಂದೆ ಮಂಡಿಯೂರಿದೆ. "ಪುಟ್ಟಾ, ನೊರೆರಾಯ ಅಂತ ಯಾರೂ ಇಲ್ಲ. ಟ್ರಾಫಿಕ್‌ನಲ್ಲಿ ಬೇಜಾರಾಗತ್ತೆ ಅಂತ ನಾನೇ ಕಟ್ಟಿದ್ದು."

"ಗೊತ್ತು" ಎಂದಳು.

"ಗೊತ್ತಾ? ಮತ್ತೆ?"

"ನೀನು ಕಟ್ಟಿದ್ದು ಗೊತ್ತು. ಆದ್ರೂ ಅಮ್ಮಂಗೆ ವಾಸಿ ಆಯ್ತಲ್ಲ."

ಯಂತ್ರಗಳ ಕೈಪಿಡಿಯಲ್ಲಿ ಇಂಥ ಸಂದರ್ಭಕ್ಕೆ ಒಂದು ಪುಟ ಇರುತ್ತದೆ, ದೋಷ ಮತ್ತು ಪರಿಹಾರ ಎಂದು. ನನಗೆ ಒಂದು ಸಾಲೂ ಹೊಳೆಯಲಿಲ್ಲ. ವೈದ್ಯರು, ಪರೀಕ್ಷೆ, ಅದು ಮೊದಲಿನಿಂದಲೂ ನಿರುಪದ್ರವಿಯೇ ಆಗಿತ್ತು ಎಂದೆಲ್ಲ ಹೇಳಿದೆ. ಅವಳು ಗಮನವಿಟ್ಟು ಕೇಳಿದಳು. ಆಮೇಲೆ ದೊಡ್ಡವರು ಮಕ್ಕಳಿಗೆ ಒಂದು ಅವಕಾಶ ಕೊಡುವ ಹಾಗೆ ನನ್ನನ್ನು ನೋಡಿ ಹೇಳಿದಳು: "ಸರಿ. ಅವನು ಇಲ್ಲ ಅಂತ ನಿಂಗೆ ಗ್ಯಾರಂಟಿನಾ? ಹಾಗಾದ್ರೆ ಈಗ್ಲೇ ಹೇಳ್ತೀನಿ. ಹೇಳ್ಲಾ?"

"ಹೇಳು" ಎಂದೆ.

ಅವಳು ಉಸಿರೆಳೆದುಕೊಂಡು ಬಾಯಿ ತೆರೆದಳು. ಮೊದಲ ಅಕ್ಷರದ ಸದ್ದು ಗಂಟಲಿನಿಂದ ಏಳುವುದು ನನಗೆ ಕೇಳಿಸಿತು. ಆ ಕ್ಷಣದಲ್ಲಿ ನನ್ನ ಕೈ ನನ್ನನ್ನು ಕೇಳದೆ ಚಾಚಿ ಅವಳ ಬಾಯಿ ಮುಚ್ಚಿತು. ಗಟ್ಟಿಯಾಗಿ. ಅವಳ ಬಿಸಿ ಉಸಿರು ಅಂಗೈಗೆ ತಾಗುತ್ತಿತ್ತು, ಆ ಮಾತೂ ಒಳಗೆ ಬಂದು ತಾಗಿ ನಿಂತಂತಿತ್ತು. ಕೈ ತೆಗೆಯಬೇಕೆಂದು ನನಗೆ ಗೊತ್ತಿತ್ತು. ತೆಗೆಯಲು ಆಗಲಿಲ್ಲ.

ಸಮುವೇಲರು ನನ್ನ ಕೈಯನ್ನೇ ನೋಡುತ್ತಿದ್ದರು. ಕಾರ್ಖಾನೆಯಲ್ಲಿ ಯಾರದೋ ಬೆರಳು ಹಲ್ಲುಚಕ್ರಕ್ಕೆ ಹೋದದ್ದನ್ನು ನೋಡುವ ನೋಟ ಅದು. "ಅಯ್ಯಯ್ಯ" ಎಂದರು ಮೆಲ್ಲಗೆ. "ನಾ ಕೂಸಿನ ಸಲುವಾಗಿ ಪ್ರಾರ್ಥನಾ ಮಾಡಾಕ ಬಂದಿದ್ನಿ. ಇಲ್ಲಿ ಇಬ್ರು ಅದೀರಿ."

ಎಸ್ತರ್ ಎದ್ದು ಬಂದು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಅವಳಿಗೆ ಕೋಪ ಬಂದಾಗ ದನಿ ಇಳಿಯುತ್ತದೆ. "ಗಂಟು ಇದ್ದಿದ್ದು ನನ್ನ ಮೈಯಲ್ಲಿ. ಅದ್ರ ಮೇಲೆ ವ್ಯಾಪಾರ ಮಾಡಿ ಅಂತ ನಿಮ್ಮಿಬ್ರಿಗೆ ನಾನು ಹೇಳಿದ್ನಾ?" ಆಮೇಲೆ ಮಗಳನ್ನು ಮಡಿಲಿಗೆ ಎಳೆದುಕೊಂಡಳು. "ನೀನು ಹೇಳು ಪುಟ್ಟಾ. ನನ್ನ ಕೈ ಹಿಡ್ಕೊಂಡು ಹೇಳು."

"ನಿಂಗೇನಾದ್ರೂ ಆದ್ರೆ?"

"ಆದ್ರೆ ಆಗತ್ತೆ. ಅದು ನಿನ್ನಿಂದ ಆಗಲ್ಲ. ವಾಸಿಯಾಗಿದ್ದೂ ನಿನ್ನಿಂದ ಅಲ್ಲ. ನೀನು ಏನೂ ಕೊಡ್ಬೇಕಾಗಿಲ್ಲ ಕಣೇ. ಯಾರಿಗೂ."

ಕೃಪಾ ಅಮ್ಮನ ಕೈ ಹಿಡಿದುಕೊಂಡಳು, ಕಣ್ಣು ಮುಚ್ಚಿಕೊಂಡಳು. ಆಮೇಲೆ, ಕದ ತೆರೆದರೆ ಆಚೆ ಯಾರಿರುತ್ತಾರೋ ಎಂಬಂತೆ, ಮೆಲ್ಲಗೆ ಹೇಳಿದಳು: "ಅಪ್ಪ."

ನನ್ನ ಮಗಳು ಅಷ್ಟು ದಿನಗಳ ಮೇಲೆ ನನ್ನನ್ನು ಕರೆದಳು, ಆದರೆ ನಾನು ಅವಳ ಮುಖ ನೋಡಲಿಲ್ಲ. ನಾನು, ಸಮುವೇಲರು, ಕರೆದ ಹುಡುಗಿ ಎಲ್ಲರೂ ಎಸ್ತರ್‌ಳನ್ನೇ ನೋಡುತ್ತಿದ್ದೆವು. ಎಸ್ತರ್ ಒಮ್ಮೆ ಎದೆಯ ಮೇಲೆ ಕೈಯಿಟ್ಟುಕೊಂಡಳು. ಕಣ್ಣಲ್ಲಿ ನೀರು ಬಂತು. ಮೈ ನಡುಗಿತು. ಸಮುವೇಲರು ಕುರ್ಚಿಯಿಂದ ಅರ್ಧ ಎದ್ದರು.

"ಉಪ್ಪಿಟ್ಟಿನ ಮೆಣಸಿನಕಾಯಿ" ಎಂದಳು ಎಸ್ತರ್ ಕೆಮ್ಮುತ್ತ. "ನೀರು ಕೊಡ್ರೀ ಯಾರಾದ್ರೂ. ಎಲ್ಲ ನಿಂತ್ಕೊಂಡು ಏನ್ ನೋಡ್ತಿದೀರ?"

ಸಮುವೇಲರು ನಗಲು ಶುರುಮಾಡಿದವರು ನಿಲ್ಲಿಸಲಾಗದೆ ಕಣ್ಣೊರೆಸಿಕೊಂಡರು. ಕೃಪಾಳೂ ನಕ್ಕಳು. ಆಮೇಲೆ ಇಡೀ ಸಂಜೆ ಅಪ್ಪಾ, ಅಪ್ಪಾ, ಅಪ್ಪಾ ಎಂದು ಮನೆಯಲ್ಲೆಲ್ಲ ಓಡಾಡಿದಳು, ಬೀಗ ಹಾಕಿದ್ದ ಕೋಣೆಯ ಕೀಲಿ ಸಿಕ್ಕವಳಂತೆ. ಪೆನ್ಸಿಲ್ ಎಲ್ಲಿ ಅಪ್ಪಾ, ಮಳೆ ಬರುತ್ತಾ ಅಪ್ಪಾ, ಹಲ್ಲಿ ನೋಡಪ್ಪಾ. ಎಸ್ತರ್‌ಳ ಪ್ರಕಾರ ಕಥೆ ಇಲ್ಲಿಗೆ ಮುಗಿಯುತ್ತದೆ. ಇಂಥ ಚೊಕ್ಕ ಮುಕ್ತಾಯ ನನಗೆ ಯಾವತ್ತೂ ಹಿಡಿಸಿಲ್ಲ ಎಂದು ಮೊದಲೇ ಹೇಳಿದೆನಲ್ಲ. ಹುಡುಗಿ ಹೊರಬಂದಳು ಸರಿ. ಅಂದಿನಿಂದ ಅವಳು ಅಪ್ಪಾ ಎಂದಾಗಲೆಲ್ಲ ನನ್ನ ಕತ್ತು ತಾನಾಗಿ ಅಡುಗೆಮನೆಯ ಕಡೆ ತಿರುಗುತ್ತಿತ್ತು, ಎಸ್ತರ್ ನಿಂತಿದ್ದಾಳೆಯೇ ಎಂದು. ದಿನಕ್ಕೆ ಎಷ್ಟು ಸಲ ಮಕ್ಕಳು ಅಪ್ಪಾ ಎನ್ನುತ್ತಾರೆ, ನೀವೇ ಅಂದಾಜು ಮಾಡಿ. ಕತ್ತುನೋವಿಗೆ ಮುಲಾಮು ಹಚ್ಚಿಸಿಕೊಂಡೆ. ಕಂಪ್ಯೂಟರಿನಿಂದ ಬಂದದ್ದು ಎಂದರು ವೈದ್ಯರು.

ಎಸ್ತರ್‌ಳ ಎರಡನೆಯ ತಪಾಸಣೆಯ ದಿನ ಹತ್ತಿರ ಬಂತು. ಒಂದು ಬೆಳಿಗ್ಗೆ ಕೃಪಾಳನ್ನು ಶಾಲೆಗೆ ಬಿಟ್ಟು ಒಬ್ಬನೇ ವಾಪಸು ಬರುತ್ತಿದ್ದೆ. ಸೇತುವೆಯ ಮೇಲೆ ಎಂದಿನಂತೆ ಎಲ್ಲ ನಿಂತಿತ್ತು. ಬೇಲಿ ಹತ್ತಿ ಬಂದ ನೊರೆಯ ಒಂದು ತುಂಡು ನನ್ನ ಸ್ಕೂಟರಿನ ಕನ್ನಡಿಯ ಮೇಲೆ ಕೂತಿತು. ಕನ್ನಡಿಯಲ್ಲಿ ನನ್ನ ಮುಖವಿರಬೇಕಾದಲ್ಲಿ ಅದಿತ್ತು. ಸಣ್ಣ ಸಣ್ಣ ಗುಳ್ಳೆಗಳು ಒಡೆಯುವ ಸದ್ದು, ಯಾರೋ ಹಲ್ಲಿನ ಸಂದಿನಲ್ಲಿ ಪಿಸುಗುಟ್ಟಿದಂತೆ, ಆ ಹಾರನ್ನುಗಳ ನಡುವೆಯೂ ಕೇಳುತ್ತಿತ್ತು. ಒರೆಸಿಬಿಡಬಹುದಿತ್ತು. ಒರೆಸಲಿಲ್ಲ. ನಾನು ವಿಶೇಷವಾಗಿ ಏನೂ ಮಾಡಲಿಲ್ಲ, ದಯವಿಟ್ಟು ಗಮನಿಸಿ. ದಿನವೂ ಆಡುತ್ತಿದ್ದ ಒಂದು ಮಾತನ್ನು ಮನಸ್ಸಿನಲ್ಲಿ ಒಂದು ಸಲ ಹೇಳಿಕೊಂಡೆ. ಆಮೇಲೆ ಅದನ್ನು ಮತ್ತೆ ಆಡಲಿಲ್ಲ. ಅಷ್ಟೆ. ನೊರೆ ಕನ್ನಡಿಯಿಂದ ಕಳಚಿಕೊಂಡು ಕೆರೆಯ ಕಡೆಗೇ ವಾಪಸು ಹೋಯಿತು. ಗಾಳಿ ಆಗ ಯಾವ ದಿಕ್ಕಿಗೆ ಬೀಸುತ್ತಿತ್ತು ಎಂದು ಕೇಳಬೇಡಿ.

ತಪಾಸಣೆಯಲ್ಲಿ ಎಲ್ಲ ಚೆನ್ನಾಗಿದೆ ಎಂದರು. ಆ ಮಾತು ಯಾವುದು ಎಂದು ಇಲ್ಲಿ ಬರೆಯಲಾರೆ. ಬರೆದರೂ ಆಡಿದಂತೆಯೇ ಲೆಕ್ಕವೋ ಅಲ್ಲವೋ ಎಂಬುದನ್ನು ನಾನು ಕಥೆ ಕಟ್ಟುವಾಗ ಯೋಚಿಸಿರಲಿಲ್ಲ. ಕೈಪಿಡಿ ಬರೆಯುವವನು ಇಂಥದನ್ನು ಬಿಟ್ಟಿದ್ದು ನಾಚಿಕೆಗೇಡು. ಮೊನ್ನೆ ಎಸ್ತರ್ ಸೊಪ್ಪು ಬಿಡಿಸುತ್ತ ಕೈ ನಿಲ್ಲಿಸಿ, "ನೀವು ಮಾತುಮಾತಿಗೂ ಒಂದೇನೋ ಅಂತಿದ್ರಲ್ಲ, ಈಚೆಗೆ ಕೇಳೇ ಇಲ್ಲ. ಏನದು?" ಎಂದಳು. ಎಷ್ಟು ಯೋಚಿಸಿದರೂ ಅವಳಿಗೆ ನೆನಪಾಗಲಿಲ್ಲ. ನಾನು ಸೊಪ್ಪಿನಲ್ಲಿ ಹುಳ ಹುಡುಕಿದೆ.

ಸಮುವೇಲರು ಫೋನು ಮಾಡಿದರು. "ಈ ಸಲ ಸಾಕ್ಷಿ ನೀವ ಹೇಳ್ಬೇಕ್ರಿ. ಬರೂ ಭಾನುವಾರ. ಅವತ್ತಿನ ಮಾತು ಜನರ ತಲ್ಯಾಗಿಂದ ಹೋಗಲಿ. ಉದ್ದ ಬ್ಯಾಡ, ಆ ಮಾತಾಡೂ ಕತ್ತಿ ಬ್ಯಾಡ, ಖರೇ ಎಷ್ಟೈತಿ ಅಷ್ಟ ಹೇಳ್ರಿ." ಒಪ್ಪಿಕೊಂಡೆ. ಒಪ್ಪದೆ ಇರಲು ಕಾರಣ ಹೇಳಬೇಕಾಗುತ್ತಿತ್ತು. ನಿನ್ನೆ ಸಂಜೆ ಕೃಪಾಳನ್ನು ಮುಂದೆ ಕೂರಿಸಿಕೊಂಡು ಅಭ್ಯಾಸ ಮಾಡಿದೆ. ಕಷ್ಟ ಬಂದದ್ದು, ಪ್ರಾರ್ಥಿಸಿದ್ದು, ದೇವರು ಉಪಕಾರ ಮಾಡಿದ್ದು ಎಲ್ಲವನ್ನೂ ಕೈ ಜೋಡಿಸಿ ಗಂಭೀರವಾಗಿ ಹೇಳಿದೆ. ಚಕ್ಕುಲಿ ತಿನ್ನುತ್ತಿದ್ದ ಅವಳು ಅಗಿಯುವುದನ್ನು ನಿಲ್ಲಿಸಿದಳು.

"ಅಪ್ಪಾ, ಮಧ್ಯದಲ್ಲಿ ಒಂದು ಕಡೆ ಹಾರಿಸ್ದೆ."

"ಎಲ್ಲಿ?"

"ನಿಂಗೇ ಗೊತ್ತು. ಅಲ್ಲಿ ಬಾಯಿ ಮುಚ್ಕೊಂಡೆ. ನಾನೂ ಹಂಗೇ ಮಾ‍ಡ್ತಿದ್ದೆ."

ಅವಳು ಅಡುಗೆಮನೆಯ ಕಡೆ ನೋಡಿದಳು. ಅಲ್ಲಿ ಎಸ್ತರ್ ಕುಕ್ಕರಿನ ಜೊತೆ ಮಾತಾಡಿಕೊಂಡು ಆರೋಗ್ಯವಾಗಿದ್ದಳು. ಮತ್ತೆ ನನ್ನನ್ನು ನೋಡಿದಳು. ಬಯ್ಯುತ್ತಾಳೆಂದುಕೊಂಡೆ, ಅಮ್ಮನಿಗೆ ಹೇಳುತ್ತೇನೆ ಎನ್ನುತ್ತಾಳೆಂದುಕೊಂಡೆ. ಎರಡೂ ಆಗಲಿಲ್ಲ. ಹತ್ತಿರ ಬಂದು, ನನ್ನ ಕಿವಿಗೆ ಚಕ್ಕುಲಿಯ ಪುಡಿ ಉದುರುವಷ್ಟು ಹತ್ತಿರ ಬಂದು, ಪಿಸುಗುಟ್ಟಿದಳು:

"ಬಿಡು, ಹಂಗೇ ಹೇಳು. ಸ್ವಲ್ಪ ಜೋರಾಗಿ ಹೇಳಿದ್ರೆ ಯಾರಿಗೂ ಗೊತ್ತಾಗಲ್ಲ. ನಾನು ಆಮೆನ್ ಅಂತೀನಿ."

ನೊರೆರಾಯನ ಕೈಯಲ್ಲಿದ್ದಷ್ಟು ದಿನ ನನ್ನ ಮಗಳು ಒಂದೇ ಒಂದು ಸುಳ್ಳು ಹೇಳಿರಲಿಲ್ಲ, ಮೈಕಿನ ಮುಂದೆಯೂ. ಈಗ ಅಪ್ಪನ ಕೈಗೆ ಬಂದಿದ್ದಾಳೆ.